ಹುಳದ ಮನೆಗೆ ಸಾರ್ ಬಂದ ದಿನ

ನಮ್ಮ ಮನೆಯ ಒಳ್ಳೆಯ ಕೋಣೆಯಲ್ಲಿ ನಾವು ಯಾರೂ ಮಲಗುತ್ತಿರಲಿಲ್ಲ. ಅದು ರೇಷ್ಮೆ ಹುಳಗಳದ್ದು. ತಮಿಳುನಾಡಿನ ಗಡಿಯೊಳಗೆ, ಕೆಲಮಂಗಲದಿಂದ ಮೂರು ಮೈಲಿ ಆಚೆಗಿದ್ದ ನಮ್ಮೂರಿನಲ್ಲಿ ಮನೆ ಕಟ್ಟಿಸುವವರು ಹುಳಕ್ಕೆ ಗಾಳಿ ಬೆಳಕು ಸರಿಯಾಗಿ ಬರುತ್ತದೆಯೇ ಎಂದು ಮೊದಲು ನೋಡಿಕೊಂಡು, ಮನುಷ್ಯರಿಗೂ ಎಲ್ಲಾದರೂ ಜಾಗ ಉಳಿದೀತೇ ಎಂದು ಆಮೇಲೆ ಯೋಚಿಸುತ್ತಿದ್ದರು. ನಮಗೆ ಉಳಿದಿದ್ದು ಒಂದು ಅಡುಗೆಮನೆ, ಅದಕ್ಕೆ ಅಂಟಿಕೊಂಡ ಕತ್ತಲೆ ಕೋಣೆ, ಮುಂದೆ ಉದ್ದನೆಯ ಜಗಲಿ. ಅಜ್ಜಿ, ಅಪ್ಪ, ಅಮ್ಮ, ನಾನು, ನಮ್ಮ ನಾಲ್ವರ ಹಾಸಿಗೆ, ಪಾತ್ರೆ, ಬಟ್ಟೆ, ಜಗಳ ಎಲ್ಲವೂ ಅಷ್ಟರೊಳಗೇ ಹಿಡಿಸಬೇಕಿತ್ತು. ನಡುವಿನ ದೊಡ್ಡ ಕೋಣೆಯಲ್ಲಿ ಬಿದಿರಿನ ಗಳು ನಿಲ್ಲಿಸಿ, ಅಂತಸ್ತಿನ ಮೇಲೆ ಅಂತಸ್ತಾಗಿ ತಟ್ಟೆ ಜೋಡಿಸಿ, ಅವುಗಳಲ್ಲಿ ಹುಳಗಳು ಹಾಯಾಗಿ ಹಿಪ್ಪುನೇರಳೆ ಸೊಪ್ಪು ತಿಂದುಕೊಂಡಿದ್ದವು. ಈಗ ಹೊಸೂರಿನ ಅವಲಪಲ್ಲಿಯ ಮನೆಯಲ್ಲಿ ನನಗೆಂದೇ ಒಂದು ದೊಡ್ಡ ಕೋಣೆ ಇದೆ. ಒಮ್ಮೊಮ್ಮೆ ಇದು ಇನ್ಯಾರದೋ ಜಾಗ ಎನ್ನಿಸಿ ಮಗ್ಗುಲು ಬದಲಿಸುತ್ತೇನೆ.

ಹುಳದ ಮನೆಗೆ ಅಜ್ಜಿಯದೇ ಕಾನೂನು. ಬಾಗಿಲಲ್ಲಿ ಸುಣ್ಣದ ಪುಡಿ ಹರಡಿದ ಒಂದು ಗೋಣಿಚೀಲ. ಕೈಕಾಲು ತೊಳೆದು, ಅದರ ಮೇಲೆ ಕಾಲಿಟ್ಟು, ಆಮೇಲೆ ಒಳಗೆ. ಹೊರಗಿನವರಿಗೆ ಪ್ರವೇಶವೇ ಇಲ್ಲ, ದೃಷ್ಟಿಯಾಗುತ್ತದೆ. ತಲೆಗೆ ವಾಸನೆ ಎಣ್ಣೆ ಹಚ್ಚುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು, ಒಗ್ಗರಣೆ ಹಾಕುವಂತಿಲ್ಲ. ಮೆಣಸಿನಕಾಯಿ ಘಾಟು ತಾಗಿದರೆ ಹುಳ ಮೇವು ಬಿಡುತ್ತದೆ ಎಂದು ಅಜ್ಜಿಯ ನಂಬಿಕೆ. ಹೀಗಾಗಿ ಹುಳ ಇರುವ ಇಪ್ಪತ್ತೈದು ಇಪ್ಪತ್ತೆಂಟು ದಿನ ನಮ್ಮದು ಬರೀ ಮುದ್ದೆ, ಉಪ್ಪುಸಾರು, ಬೇಯಿಸಿದ ಸೊಪ್ಪು. ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದ ದಿನ ಅಮ್ಮ ಸೇಡು ತೀರಿಸಿಕೊಳ್ಳುವವಳಂತೆ ಬಾಣಲಿಗೆ ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಟ್ಟಿಗೇ ಸುರಿಯುತ್ತಿದ್ದಳು. ನಾವೆಲ್ಲ ಕೆಮ್ಮುತ್ತ, ಕಣ್ಣೀರು ಒರೆಸುತ್ತ ಅಡುಗೆಮನೆಯ ಬಾಗಿಲಲ್ಲಿ ನಗುತ್ತಾ ನಿಲ್ಲುತ್ತಿದ್ದೆವು. ಬೇರೆಯವರ ಮನೆಯಲ್ಲಿ ಹಬ್ಬ ಪಂಚಾಂಗ ನೋಡಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಒಗ್ಗರಣೆ ಸಿಡಿದ ದಿನವೇ ಹಬ್ಬ.

ಆ ಮನೆಯಲ್ಲಿ ಎಷ್ಟು ಜನರೋ ಅಷ್ಟು ಬಗೆಯ ವಿದ್ಯೆ ಇತ್ತು. ಅವು ಒಂದಕ್ಕೊಂದು ಹೊಂದಿಕೊಂಡು ಹೋಗುತ್ತಿದ್ದವು ಎಂದರೆ ಸುಳ್ಳಾದೀತು. ಅಪ್ಪ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಳತೆಗೆ ಸಿಗದ ಯಾವುದನ್ನೂ ಅವರು ನಂಬುತ್ತಿರಲಿಲ್ಲ. ಒಂದು ದಿನ ಥರ್ಮಾಮೀಟರ್ ತಂದು ಹುಳದ ಮನೆಯ ಗೋಡೆಗೆ ನೇತು ಹಾಕಿದರು. ಅಜ್ಜಿಗೆ ಅವಮಾನವಾಯಿತು. ಆಕೆ ಅಲ್ಲಿಯವರೆಗೆ ಸೆಕೆ ಚಳಿಯನ್ನು ಕೆನ್ನೆಯಲ್ಲೇ ಅಳೆದವಳು. ಬಾಗಿಲಲ್ಲಿ ನಿಂತು ಮುಖ ಒಂದಿಷ್ಟು ಮುಂದಕ್ಕೆ ಚಾಚಿ, "ಕಿಟಕಿಗೆ ನೀರ್ ಗೋಣಿ ಕಟ್ರಿ" ಎಂದೋ, "ಕೆಂಡದ ಬಾಣಲಿ ಇಡ್ರಿ" ಎಂದೋ ಹೇಳಿದರೆ ಮುಗಿಯಿತು. ಅಪ್ಪ ಥರ್ಮಾಮೀಟರ್ ನೋಡುತ್ತಿದ್ದರು, ಅಜ್ಜಿ ಕೆನ್ನೆ ಚಾಚುತ್ತಿದ್ದಳು, ನಾನು ಇಬ್ಬರ ತೀರ್ಪನ್ನೂ ಹೋಲಿಸುತ್ತಿದ್ದೆ. ಒಂದು ವಾರ ಥರ್ಮಾಮೀಟರ್ ವಿಪರೀತ ಸೆಕೆ ತೋರಿಸಿತು. ಅಜ್ಜಿ ಮಾತ್ರ ಸೆಕೆಯೇ ಇಲ್ಲ ಎಂದಳು. ಕೊನೆಗೆ ನೋಡಿದರೆ ಅಪ್ಪ ಅದನ್ನು ಅಡುಗೆಮನೆಯ ಒಲೆಗೆ ಅಂಟಿದ ಗೋಡೆಗೇ ಮೊಳೆ ಹೊಡೆದು ಹಾಕಿದ್ದರು. ಅಜ್ಜಿ ಅದನ್ನು ಮೂರು ತಿಂಗಳು ಊರಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೊಂದು ದಿನ ಹುಳದ ಮನೆ ತಣ್ಣಗಿದೆ ಎಂದು ಅವಳು ಮೂರು ಬಾಣಲಿ ಕೆಂಡ ಇಡಿಸಿದಳು, ಹುಳ ಒದ್ದಾಡತೊಡಗಿದವು. ಅಪ್ಪ ಓಡಿಬಂದು ಕೆಂಡ ತೆಗೆಸಿ, ಅವಳ ಹಣೆ ಮುಟ್ಟಿ ನೋಡಿದರೆ ಸುಡುತ್ತಿತ್ತು. ಜ್ವರದಲ್ಲಿ ಅವಳಿಗೇ ಚಳಿಯಾಗುತ್ತಿತ್ತು. ಮರುದಿನ ಅಜ್ಜಿ ಕಂಬಳಿ ಹೊದ್ದು ಜಗಲಿಯಲ್ಲಿ ಕೂತುಕೊಂಡೇ ನನ್ನನ್ನು ಕರೆದು, ಯಾರಿಗೂ ಕೇಳಿಸದಂತೆ ಹೇಳಿದಳು:

"ಏ, ಆ ಗಾಜಿನ ಕಡ್ಡಿ ಎಷ್ಟು ತೋರುಸ್ತದೆ ನೋಡ್ಕೊಂಡ್ ಬಾ. ನಿಮ್ಮಪ್ಪನಿಗೆ ಯೋಳ್ಬ್ಯಾಡ."

ಅಮ್ಮನ ವಿದ್ಯೆ ಬೇರೆ. ಅವಳು ಎಂಟನೇ ತರಗತಿವರೆಗೆ ಕನ್ನಡ ಓದಿದ್ದಳು. ಓದುವುದೆಂದರೆ ಪ್ರಾಣ. ಹುಳದ ತಟ್ಟೆಗೆ ಕೆಳಗೆ ಹಾಸಲು ಅಪ್ಪ ಕಾರ್ಖಾನೆಯಿಂದ ಹಳೆಯ ಪೇಪರ್ ಕಟ್ಟು ತರುತ್ತಿದ್ದರು. ಕನ್ನಡದ್ದೂ ಇರುತ್ತಿತ್ತು, ತಮಿಳಿನದ್ದೂ ಇರುತ್ತಿತ್ತು. ತಟ್ಟೆ ಬದಲಿಸುವಾಗ ಅಮ್ಮ ಕೆಲಸ ಬಿಟ್ಟು ಬಗ್ಗಿ ನಿಂತು ಓದುತ್ತಿದ್ದಳು. ಕಥೆಯ ಅರ್ಧ ಒಂದು ತಟ್ಟೆಯಲ್ಲಿದ್ದರೆ ಇನ್ನರ್ಧ ಯಾವ ತಟ್ಟೆಗೆ ಹೋಗಿದೆ ಎಂದು ನಾನೂ ಅವಳೂ ಹುಡುಕುತ್ತಿದ್ದೆವು. ನಡುವೆ ಸೊಪ್ಪಿನ ಕಲೆ, ಹುಳದ ಹಿಕ್ಕೆ. ನಾಯಕಿಯ ಮದುವೆ ಆಯಿತೋ ಇಲ್ಲವೋ ಎಂಬುದು ಆ ಹಿಕ್ಕೆಯ ಕೆಳಗೇ ಉಳಿದುಹೋದ ಕಥೆಗಳು ಎಷ್ಟೋ. ಕನ್ನಡದ ಪೇಪರ್ ಮುಗಿದಾಗ ನಾನು ತಮಿಳಿನದ್ದಕ್ಕೆ ಹೋಗಿ ಅಕ್ಷರ ಕೂಡಿಸುತ್ತಿದ್ದೆ. ಯಾರೂ ಹೇಳಿಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಹುಳದ ಮನೆಯಲ್ಲಿ ಓದಿದ್ದನ್ನು ಓದು ಎಂದು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ನಾನೂ ಹಿಡಿಯಲಿಲ್ಲ.

ನನ್ನ ವಿದ್ಯೆ ಕಣ್ಣಿನದು. ಹುಳ ನಾಲ್ಕು ಸಲ ಪೊರೆ ಬಿಟ್ಟು, ಆಮೇಲೆ ಒಂದು ವಾರ ಎಡೆಬಿಡದೆ ತಿನ್ನುತ್ತದೆ. ಆಗ ಆ ಕೋಣೆಯೊಳಗೆ ಯಾರೋ ನಿಲ್ಲಿಸದೆ ಹೊಸ ಸೀರೆ ಮಡಚುತ್ತಿರುವಂಥ ಸದ್ದು. ಒಂದು ಹೊತ್ತಿನಲ್ಲಿ ಅದು ತಿನ್ನುವುದನ್ನು ನಿಲ್ಲಿಸುತ್ತದೆ. ಆಗ ಹುಳ ಹಣ್ಣಾಯಿತು ಎನ್ನುತ್ತೇವೆ. ಹಣ್ಣಾದದ್ದನ್ನು ಕೂಡಲೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಕಟ್ಟಿದ ಬಿದಿರಿನ ಪಟ್ಟಿ. ಅದರ ಸಂದಿಯಲ್ಲಿ ಹುಳ ಗೂಡು ಕಟ್ಟುತ್ತದೆ. ತಡ ಮಾಡಿದರೆ ತಟ್ಟೆಯಲ್ಲೇ, ಸೊಪ್ಪಿನ ಮೇಲೇ ನೂಲು ಸುರಿದು ಹಾಳು. ಅವಸರ ಮಾಡಿ ಹಸಿ ಹುಳವನ್ನು ಬಿಟ್ಟರೆ ಅದು ಅರೆಹೊಟ್ಟೆಯಲ್ಲಿ ಅಲೆದಾಡಿ ಸಾಯುತ್ತದೆ. ಸಾವಿರಗಟ್ಟಲೆ ಹುಳದ ನಡುವೆ ಹಣ್ಣಾದದ್ದು ಯಾವುದು ಎಂದು ನನಗೆ ನೋಡಿದ ಕೂಡಲೇ ತಿಳಿಯುತ್ತಿತ್ತು. ಅಜ್ಜಿಗೆ ಅದರಲ್ಲಿ ಭಾರಿ ಹೆಮ್ಮೆ. "ಇವ್ಳ ಕಣ್ಣು ನನ್ ಕಣ್ಣು" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ಹೆಮ್ಮೆಯನ್ನೇ ನಾನು ದುರುಪಯೋಗ ಮಾಡಿಕೊಂಡೆ. ಊರಿನ ಕನ್ನಡ ಶಾಲೆಯಲ್ಲಿ ಐದನೇ ತರಗತಿ ಮುಗಿಸಿ ಆರನೆಯದಕ್ಕೆ ಕೆಲಮಂಗಲದ ತಮಿಳು ಶಾಲೆಗೆ ಸೇರಿದ್ದೆ. ಮೊದಲ ವಾರ ಆರುಮುಗಂ ಸಾರ್ ಎಂಬ ವಿಜ್ಞಾನದ ಮೇಷ್ಟ್ರು ಎದ್ದು ನಿಲ್ಲಿಸಿ ಏನೋ ಕೇಳಿದರು. ಉತ್ತರ ಗೊತ್ತಿತ್ತು, ಹೇಳಿದೆ. ನನ್ನ ತಮಿಳು ಕೇಳಿ ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನವರೆಗೆ ಎಲ್ಲರೂ ನಕ್ಕರು. ಅವರ ಪೈಕಿ ಅರ್ಧ ಜನ ಮನೆಯಲ್ಲಿ ತೆಲುಗೋ ಕನ್ನಡವೋ ಆಡುವವರೇ ಎಂಬುದು ಆಗ ನನಗೆ ತಲೆಗೆ ಹೋಗಲಿಲ್ಲ. ಅಂದು ಮುಚ್ಚಿದ ಬಾಯನ್ನು ನಾನು ತೆರೆಯಲೇ ಇಲ್ಲ. ಹೆಸರು ಕೂಗಿದರೆ ಕೈ ಎತ್ತುತ್ತಿದ್ದೆ, ಪ್ರಶ್ನೆ ಕೇಳಿದರೆ ನೆಲ ನೋಡುತ್ತಿದ್ದೆ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಹುಳ ಹಣ್ಣಾಗುವ ವಾರ ಮಕ್ಕಳನ್ನು ಶಾಲೆ ಬಿಡಿಸಿಕೊಳ್ಳುವುದು ನಮ್ಮ ಕಡೆ ವಾಡಿಕೆ. ಆ ಬೆಳೆಗೆ ನಾನು ಒಂದು ವಾರ ಮೊದಲೇ ಬಿಟ್ಟೆ. ಅಜ್ಜಿಗೆ ನಾನು ಬೇಕು, ನನಗೆ ಶಾಲೆ ಬೇಡ, ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಎಲ್ಲಿ ಸಿಕ್ಕೀತು?

ಅಮ್ಮ ಸುಮ್ಮನಿರಲಿಲ್ಲ. ಒಂದು ಸಂಜೆ ಮುದ್ದೆ ಕಟ್ಟುತ್ತಿದ್ದವಳು ಹಿಟ್ಟಿನ ಕೋಲನ್ನೇ ಎತ್ತಿಕೊಂಡು ಅಜ್ಜಿಯ ಮುಂದೆ ನಿಂತಳು.

"ಅತ್ತೆ, ಮಗೀನ ಇಸ್ಕೂಲು ಬುಡ್ಸೋ ಯೋಚ್ನೆ ಏನಾರ ಐತಾ ನಿಮ್ಗೆ? ಈಗ್ಲೇ ಯೋಳ್ಬುಡಿ."

"ನಾನೆಲ್ಲಿ ಬುಡಿಸ್ದೆ? ಅವ್ಳೇ ಹೋಗಾಕಿಲ್ಲ ಅಂತಾಳೆ. ಹೋಗ್ದಿದ್ರೂ ಕೈನಾಗೆ ವಿದ್ಯೆ ಐತೆ. ಹುಳ ನೋಡೋರು ಉಪಾಸ ಬಿದ್ದಿದ್ದು ಕಂಡಿಲ್ಲ ನಾನು."

"ಹುಳ ಹೋದ ವರ್ಸ ಎಲ್ಲಾ ಸತ್ತೋಯ್ತಲ್ಲ, ಆಗೇನ್ ಮಾಡ್ತು ನಿಮ್ ವಿದ್ಯೆ?"

ಅಜ್ಜಿಗೆ ಅದು ಚುಚ್ಚಿತು. ಹಿಂದಿನ ವರ್ಷ ಸುಣ್ಣಕಟ್ಟು ರೋಗ ಬಂದು, ಹುಳವೆಲ್ಲ ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಬಿರುಸಾಗಿ ಸತ್ತಿದ್ದವು. ಯಾಕೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ದೃಷ್ಟಿ ಎಂದು ಬಾಯಲ್ಲಿ ಹೇಳಿದರೂ ತನಗೇ ನಂಬಿಕೆ ಇರಲಿಲ್ಲ. ಅಂದು ಅವಳು ಮುದ್ದೆ ಮುಟ್ಟದೆ ಎದ್ದು ಹೋದಳು. ಅಪ್ಪ ತಮ್ಮ ಎಂದಿನ ತೀರ್ಪು ಕೊಟ್ಟರು: ಭಾನುವಾರ ಕೂತು ಮಾತಾಡೋಣ. ನಾನು ಸದ್ದಿಲ್ಲದೆ ಎರಡನೇ ಮುದ್ದೆ ಹಾಕಿಸಿಕೊಂಡೆ. ಭಾನುವಾರ ಅಜ್ಜಿಯೇ ಗೆಲ್ಲುತ್ತಾಳೆ, ನಾನು ಶಾಲೆಯಿಂದ ಶಾಶ್ವತವಾಗಿ ಪಾರಾಗುತ್ತೇನೆ ಎಂದು ನನಗೆ ಖಾತರಿ ಇತ್ತು.

ಸಾರ್ ಬಂದದ್ದು ಅದಕ್ಕೆ ಹಿಂದಿನ ದಿನ, ಶನಿವಾರ, ಹೊತ್ತು ನೆತ್ತಿಗೇರುವ ಸಮಯಕ್ಕೆ. ಅಂದೇ ಹುಳ ಹಣ್ಣಾಗತೊಡಗಿತ್ತು. ಅಪ್ಪ ಡ್ಯೂಟಿಗೆ ಹೋಗಿದ್ದರು, ಅಮ್ಮ ಪಕ್ಕದೂರಿಗೆ ಬಾಡಿಗೆ ಚಂದ್ರಿಕೆ ತರಲು ಹೋಗಿದ್ದಳು. ನಾನೂ ಅಜ್ಜಿಯೂ ಇಬ್ಬರೇ ಆರಿಸುತ್ತಿದ್ದಾಗ ಅಂಗಳದಲ್ಲಿ ಸೈಕಲ್ ನಿಂತ ಸದ್ದಾಯಿತು. ಬಗ್ಗಿ ನೋಡಿದರೆ ಬಿಳೀ ಅಂಗಿಯ ಆರುಮುಗಂ ಸಾರ್. ನನ್ನ ಕೈಯಲ್ಲಿದ್ದ ಹುಳ ಕೆಳಗೆ ಬಿತ್ತು. ಅಜ್ಜಿ ಸೊಪ್ಪಿನ ಕುಕ್ಕೆ ಹಿಡಿದೇ ಜಗಲಿಗೆ ಬಂದಳು. ನಾನು ಅವಳ ಸೆರಗಿನ ಹಿಂದೆ ನಿಂತೆ. ಆಗ ನನಗೊಂದು ಧೈರ್ಯ ಬಂತು. ಅಜ್ಜಿಗೆ ತಮಿಳು ಬರುವುದಿಲ್ಲ. ಕರೆಂಟಿನವರು, ಆಫೀಸಿನವರು ಯಾರು ಬಂದರೂ "ನಂಗೆ ತಮಿಳು ಬರಾಕಿಲ್ಲ" ಎಂದು ಅವಳು ಒಳಗೆ ಹೋಗಿಬಿಡುತ್ತಿದ್ದುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಸಾರ್ ಬಾಯಿಂದ ತಮಿಳು ಬಿಟ್ಟು ಬೇರೆ ಮಾತು ನಾನು ಕೇಳಿಯೇ ಇರಲಿಲ್ಲ. ಅಂದರೆ ಇವರಿಬ್ಬರ ನಡುವೆ ಇರುವವಳು ನಾನೊಬ್ಬಳೇ.

ಸಾರ್ ತಮಿಳಿನಲ್ಲಿ ಹೇಳಿದರು, "ಮಂಜುಳ, ನೀನು ಎರಡು ವಾರದಿಂದ ಶಾಲೆಗೆ ಬಂದಿಲ್ಲ. ಪಾಟಿಗೆ ಹೇಳು." ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ.

ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ, "ನಮ್ಮನೆ ಹುಳ ಬಲು ಚೆಂದಾಗೈತೆ ಅಂತ ಊರೆಲ್ಲಾ ಮಾತಾಡ್ಕೊಂತಾವ್ರಂತೆ."

ಅಜ್ಜಿ ಸಾರನ್ನು ಮೇಲಿಂದ ಕೆಳಗೆ ನೋಡಿದಳು.

"ಹುಳ ಹೊಗಳಾಕೆ ಈ ಬಿಸ್ಲಾಗೆ ಸೈಕಲ್ ತುಳ್ಕೊಂಡ್ ಬಂದ್ರಾ? ಪಾಪ. ಇಸ್ಕೂಲ್ ವಿಚಾರ ಏನಂತೆ, ಕೇಳು."

ನಾನು ಸಾರ್ ಕಡೆ ತಿರುಗಿ ತಮಿಳಿನಲ್ಲಿ ಶುರು ಮಾಡಿದೆ. ಅಜ್ಜಿಗೆ ಮೈ ಸರಿಯಿಲ್ಲ. ಮಂಡಿ ಹಿಡಿದುಕೊಂಡಿದೆ, ನಿಲ್ಲಲಾಗುವುದಿಲ್ಲ. ಕಣ್ಣೂ ಮಂಜು. ನೋಡಿಕೊಳ್ಳಲು ನಾನಲ್ಲದೆ ಯಾರೂ ಇಲ್ಲ. ಅಪ್ಪ ಕಾರ್ಖಾನೆಯಲ್ಲಿ, ಅಮ್ಮ ತೋಟದಲ್ಲಿ. ಡಾಕ್ಟರು ಇನ್ನೂ ಒಂದು ತಿಂಗಳು ಹೀಗೇ ಎಂದಿದ್ದಾರೆ. ಹೀಗೆ ಒಂದರ ಹಿಂದೆ ಒಂದು ಬರತೊಡಗಿದವು. ಅಷ್ಟರಲ್ಲಿ ಮಂಡಿ ಹಿಡಿದುಕೊಂಡ ಅಜ್ಜಿ ತುಂಬಿದ ಕುಕ್ಕೆಯನ್ನು ಒಂದೇ ಏಟಿಗೆ ತಲೆಗೇರಿಸಿಕೊಂಡು, ಜಗಲಿಯಿಂದಲೇ ಒಳಗೆ ಇಣುಕಿ, "ಮೂರ್ನೇ ತಟ್ಟೆ ಮೂಲ್ಯಾಗೆ ಒಂದು ಹಣ್ಣಾಗೈತೆ, ತಗಿಯೇ" ಎಂದಳು. ಕಣ್ಣು ಮಂಜಾದವಳು! ಸಾರ್ ಕೆಮ್ಮಿದರು.

"ಪಾವಂ" ಎಂದು ಕನಿಕರ ತೋರಿಸಿ ಸಾರ್ ಮತ್ತೆ ತಮಿಳಿನಲ್ಲೇ ನಿಧಾನವಾಗಿ ಹೇಳಿದರು, "ಆದರೆ ಸೋಮವಾರ ಬರದಿದ್ದರೆ ದೊಡ್ಡ ಸಾರ್ ರಿಜಿಸ್ಟರಿನಿಂದ ಹೆಸರು ಹೊಡೆದುಹಾಕುತ್ತಾರೆ. ಅದನ್ನು ಪಾಟಿಗೆ ಸರಿಯಾಗಿ ಹೇಳು."

"ಸೋಮ್ವಾರ ಇಸ್ಕೂಲಿಗೆ ಸುಣ್ಣ ಹೊಡೀತಾರಂತೆ ಅಜ್ಜಿ. ಯಾರೂ ಬರಂಗಿಲ್ವಂತೆ."

ಅಜ್ಜಿ ಏನೋ ಹೇಳಲು ಹೊರಟಳು. ಆದರೆ ಒಳಗಿನಿಂದ ಕೇಳುತ್ತಿದ್ದ ಸೀರೆ ಮಡಚುವ ಸದ್ದು ಇಳಿದುಹೋಗಿತ್ತು. ಹುಳ ಒಟ್ಟೊಟ್ಟಿಗೆ ಹಣ್ಣಾಗುತ್ತಿದೆ ಎಂದು ಅವಳ ಕಿವಿಗೆ ಗೊತ್ತಾಯಿತು. ಎರಡು ಜೊತೆ ಕೈ ಸಾಲುವುದಿಲ್ಲ. ಅವಳು ಬೀದಿಯ ಆಚೆ ಈಚೆ ನೋಡಿದಳು, ಯಾರೂ ಇಲ್ಲ. ಸಾರನ್ನು ನೋಡಿದಳು. ಯಾವ ಹೊರಗಿನವರನ್ನೂ ಬಿಡದಿದ್ದ ಬಾಗಿಲನ್ನು ತೋರಿಸಿ ಹೇಳಿದಳು:

"ನಿಮ್ಮೇಷ್ಟ್ರಿಗೆ ಯೋಳು, ಬಂದವ್ರು ಸುಮ್ಕೆ ನಿಲ್ಲಾದು ಬ್ಯಾಡ. ಕೈಕಾಲ್ ತೊಳ್ಕೊಂಡ್ ಒಳೀಕ್ ಬರ್ಲಿ."

ನಾನು ಭಾಷಾಂತರ ಮಾಡುವ ಮೊದಲೇ ಸಾರ್ ತೊಟ್ಟಿಯ ಹತ್ತಿರ ಹೋಗಿ ಕಾಲು ತೊಳೆದು, ಸುಣ್ಣದ ಗೋಣಿಯ ಮೇಲೆ ಒಂದೊಂದೇ ಪಾದ ಒತ್ತಿ ಒಳಗೆ ಬಂದರು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನನ್ನ ಜಾಣತನಕ್ಕೆ ನಾನೇ ಮರುಳಾಗಿದ್ದೆ.

ಸಾರ್ ತಟ್ಟೆಯ ಮುಂದೆ ಕೂತು ಆರಿಸತೊಡಗಿದರು. ಕಷ್ಟಪಟ್ಟು ಆರಿಸಿದರು. ಕನ್ನಡಕ ಏರಿಸಿದರು, ಇಳಿಸಿದರು. ದಪ್ಪದಪ್ಪಗೆ ಕಂಡದ್ದನ್ನೆಲ್ಲ ಎತ್ತಿ ಮೊರಕ್ಕೆ ಹಾಕಿದರು. ದಪ್ಪಗಿದ್ದವು ಇನ್ನೂ ತಿನ್ನುವ ಹಸಿ ಹುಳ. ಹಣ್ಣಾದದ್ದು ಕುಗ್ಗಿರುತ್ತದೆ, ಮೈ ಹಳದಿ ಬೆಳಕಿನಂತೆ ತಿಳಿಯಾಗಿರುತ್ತದೆ, ತಲೆಯನ್ನು ಮೇಲೆತ್ತಿ ಆ ಕಡೆ ಈ ಕಡೆ ಹುಡುಕುತ್ತಿರುತ್ತದೆ. ಕೊನೆಗೆ ಹೇಗೋ ಅವರ ಕೈಗೆ ಒಂದು ನಿಜವಾದ ಹಣ್ಣು ಹುಳ ಸಿಕ್ಕಿತು. ಗೂಡು ಕಟ್ಟುವ ಮುಂಚೆ ಹುಳ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ. ಅದನ್ನೂ ಅದು ಸಾರ್ ಅಂಗಿಯ ಮೇಲೆಯೇ ಮಾಡಿತು. ಅಜ್ಜಿ ಅವರ ಮೊರವನ್ನು ಎಳೆದುಕೊಂಡು ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಇವ್ರ ಕಣ್ಣಿಗ್ ಬೆಂಕಿ ಹಾಕ! ಎಲ್ಲಾ ಹಸಿ! ಇಂಥೋರು ಮಕ್ಳಿಗೇನ್ ಕಲುಸ್ತಾರೇ? ಇವ್ರಿಗಿಂತ ನಮ್ಮೆಮ್ಮೆ ವಾಸಿ. ಯೋಳೇ ಇವ್ರಿಗೆ!"

ನಾನು ಬಹಳ ಮರ್ಯಾದೆಯಿಂದ ತಮಿಳಿನಲ್ಲಿ ಹೇಳಿದೆ, "ಸಾರ್, ನೀವು ತುಂಬಾ ಚೆನ್ನಾಗಿ ಆರಿಸುತ್ತೀರಿ ಅನ್ನುತ್ತಿದ್ದಾಳೆ ಪಾಟಿ."

ಸಾರ್ ಕನ್ನಡಕ ತೆಗೆದು ಅಂಗಿಯ ಒಣಗಿದ ಕಡೆ ಒರೆಸಿಕೊಂಡರು. ಆಮೇಲೆ ತಟ್ಟೆಯಿಂದ ತಲೆ ಎತ್ತದೆ, ನಮ್ಮೂರಿನವರೇ ಎನ್ನುವಂಥ ಕನ್ನಡದಲ್ಲಿ ಹೇಳಿದರು:

"ಅಜ್ಜೀ, ನಿಮ್ಮೆಮ್ಮೆಗಿಂತ ವಾಸಿ ಆಗೋಗಂಟ ನೀವೇ ಕಲ್ಸಿ."

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಭುಜ ಕುಲುಕಿಸಿ ನಕ್ಕಳು. ನಕ್ಕು ನಕ್ಕು ಸಾಕಾಗಿ, ಅಚ್ಚುಕಟ್ಟಾದ ತಮಿಳಿನಲ್ಲಿ ಸಾರಿಗೆ ಉತ್ತರ ಕೊಟ್ಟಳು. "ಕೋಪ ಮಾಡಿಕೊಳ್ಳಬೇಡಿ ವಾತಿಯಾರೇ, ಮಂಡಿ ನೋವಿನವಳು, ಕಣ್ಣೂ ಕಾಣುವುದಿಲ್ಲ." ಅವಳ ತಮಿಳು ಕೃಷ್ಣಗಿರಿ ಸಂತೆಯಲ್ಲಿ ವ್ಯಾಪಾರ ಮಾಡುವವರ ತಮಿಳು, ನನ್ನದಕ್ಕಿಂತ ಎಷ್ಟೋ ಮೇಲು. ಆಮೇಲೆ ತಿಳಿಯಿತು, ಹರೆಯದಲ್ಲಿ ಅವಳು ಗೂಡಿನ ಮೂಟೆಯ ಜೊತೆ ಎಲ್ಲ ಸಂತೆಗೂ ಹೋದವಳು. ತಮಿಳು ಬರುವುದಿಲ್ಲ ಎನ್ನುವುದು ಬೇಡದವರನ್ನು ಸಾಗಹಾಕಲು ಅವಳು ಕಂಡುಕೊಂಡ ಉಪಾಯ. ಸಾರ್ ಕನ್ನಡ ಆಡುವವರೇ ಹೆಚ್ಚಿದ್ದ ತಳಿ ಎಂಬ ಊರಿನಲ್ಲಿ ಆರು ವರ್ಷ ಕೆಲಸ ಮಾಡಿ, ಹುಳದ ಮನೆಯವರಲ್ಲೇ ಬಾಡಿಗೆಗಿದ್ದರು.

"ಆರು ವರ್ಸ ಸುಣ್ಣದ ಗೋಣಿ ತುಳಿಯಾದ್ ನೋಡಿವ್ನಿ ಅಜ್ಜಿ," ಎಂದರು ಅವರು. "ಹುಳದ ಮನೆ ಬಾಗ್ಲು ದಾಟಾಕೆ ಮಾತ್ರ ಬುಡ್ಲಿಲ್ಲ. ಇವತ್ತೇ ಮೊದ್ಲು."

ನಾನು ಎಲ್ಲಿಗೆ ಓಡಲಿ? ಬಾಗಿಲಿಗೆ ಸಾರ್ ಅಡ್ಡ, ಕಿಟಕಿಗೆ ನೆನೆದ ಗೋಣಿ ಅಡ್ಡ. ಮುಖ ಕಿವಿಯವರೆಗೆ ಬಿಸಿಯಾಗಿತ್ತು. ಹೊಡೆತ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಯಾರೂ ಹೊಡೆಯಲಿಲ್ಲ. ಸಾರ್ ಅಜ್ಜಿಗೆ ಹೇಳುತ್ತಿದ್ದರು:

"ಇವ್ಳು ನನ್ ಕ್ಲಾಸ್ನಾಗೆ ಇಷ್ಟ್ ತಿಂಗ್ಳಿಂದ ಬಾಯಿ ಬಿಟ್ಟಿಲ್ಲ. ತಮಿಳು ಬರಲ್ವೇನೋ ಅಂದ್ಕೊಂಡಿದ್ದೆ. ಇವತ್ತು ನೋಡಿ, ಒಂದೇ ಉಸಿರ್ನಾಗೆ ಎಷ್ಟ್ ಮಾತಾಡುದ್ಲು. ಡಾಕ್ಟರು, ಮಂಡಿ, ಎಲ್ಲಾನೂ."

"ಎಲ್ಲಾ ಸುಳ್ಳು!" ಎಂದಳು ಅಜ್ಜಿ.

"ಸುಳ್ಳೇ. ಆದ್ರೆ ತಮಿಳು ಸರ್ಯಾಗಿತ್ತು."

ಅಜ್ಜಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ. "ನನ್ ಹೆಸ್ರ್ ಯೋಳ್ಕೊಂಡು ನೀನು ಇಸ್ಕೂಲ್ಗೆ ಹೆದ್ರಿ ಕೂತಿದ್ದೇನೇ? ನಾನು ಹುಳದ ಮ್ಯಾಲೆ ಆಸೆ ಅಂದ್ಕೊಂಡಿದ್ನಲ್ಲೇ" ಎಂದಳು. ಅಷ್ಟೇ. ನನಗೆ ಅಳು ಬಂತು. ಹುಳದ ಮೇಲೆ ಆಸೆ ಇದ್ದದ್ದೂ ನಿಜ, ಹೆದರಿದ್ದೂ ನಿಜ. ಇವೆರಡನ್ನೂ ಒಟ್ಟಿಗೆ ಹೇಳಲು ಎರಡು ಭಾಷೆಯಲ್ಲೂ ನನಗೆ ಮಾತು ಸಿಗಲಿಲ್ಲ.

ಅಳುವುದಕ್ಕೂ ಬಿಡುವಿರಲಿಲ್ಲ. ಮೂವರೂ ಆರಿಸಿದೆವು. ಅಜ್ಜಿ ಸಾರ್ ಕೈ ಹಿಡಿದು ಹುಳವನ್ನು ಬೆಳಕಿಗೆ ಹಿಡಿಸಿ ತೋರಿಸಿದಳು, ತಪ್ಪಾದಾಗ ಮೊಣಕೈಗೆ ಪಟ್ಟನೆ ಹೊಡೆದಳು. ಅವರು ಬೇಜಾರು ಮಾಡಿಕೊಳ್ಳದೆ "ಇದು?" "ಇದು ಅಜ್ಜಿ?" ಎಂದು ಕೇಳುತ್ತಲೇ ಇದ್ದರು. ತರಗತಿಯಲ್ಲಿ ಎತ್ತರಕ್ಕೆ ಕಾಣುತ್ತಿದ್ದ ಮನುಷ್ಯ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ತಪ್ಪು ಮಾಡುತ್ತಿದ್ದರು, ನಗಿಸಿಕೊಳ್ಳುತ್ತಿದ್ದರು, ಮತ್ತೆ ಕೇಳುತ್ತಿದ್ದರು. ಹಾಗೂ ಮಾಡಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮ ಚಂದ್ರಿಕೆ ಹೊರಿಸಿಕೊಂಡು ಬಂದಾಗ ಹುಳದ ಮನೆಯೊಳಗೆ ಮೇಷ್ಟ್ರನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ಅಷ್ಟರಲ್ಲಿ ಸಾರ್ ಹತ್ತರಲ್ಲಿ ಏಳು ಸರಿಯಾಗಿ ಆರಿಸುತ್ತಿದ್ದರು. "ಪಾಸು" ಎಂದಳು ಅಜ್ಜಿ.

ಊಟಕ್ಕೆ ಕೂತಾಗ ಅವಳು ತನ್ನ ಎದೆಯಲ್ಲಿದ್ದದ್ದನ್ನು ಕೇಳಿಯೇಬಿಟ್ಟಳು.

"ಮೇಷ್ಟ್ರೇ, ಹೋದ್ವರ್ಸ ನಮ್ ಹುಳಕ್ಕೆ ಸುಣ್ಣಕಟ್ಟು ಬಂತು. ಯಾಕ್ ಬಂತು? ಇ‍ಸ್ಕೂಲ್ನಾಗೆ ಅದು ಗೊತ್ತಾಯ್ತದಾ?"

ಸಾರ್ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ಯೋಚಿಸಿದರು. "ನಂಗೆ ಗೊತ್ತಿಲ್ಲ ಅಜ್ಜಿ," ಎಂದರು. "ಆದ್ರೆ ಅದುನ್ನ ಬರ್ದಿರೋ ಪುಸ್ತಕ ಇರ್ತಾವೆ. ತಮಿಳ್ನಾಗೆ ಇರ್ತಾವೆ, ಇಂಗ್ಲೀಷ್ನಾಗೆ ಇರ್ತಾವೆ. ಇವ್ಳು ಅದುನ್ನ ಓದಿ ನಂಗೂ ನಿಮ್ಗೂ ಯೋಳೋ ಅಷ್ಟು ನಾನು ಕಲುಸ್ಬಲ್ಲೆ. ನಂಗ್ ಬರೋದು ಅಷ್ಟೇ."

ಅಜ್ಜಿ ಅಮ್ಮನ ಕಡೆ ತಿರುಗಿ, "ಗೊತ್ತಿಲ್ಲ ಅನ್ನೋ ಮೇಷ್ಟ್ರುನ್ನ ಇವತ್ತೇ ಕಂಡಿದ್ದು. ಇನ್ನೊಂದ್ ಮುದ್ದೆ ಇಕ್ಕು" ಎಂದಳು. ಭಾನುವಾರದ ಪಂಚಾಯ್ತಿ ನಡೆಯಲೇ ಇಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದ ಅಪ್ಪನಿಗೆ, ನಾನು ಶಾಲೆಗೆ ಹೋಗುವುದೆಂಬ ತೀರ್ಮಾನ ಮಾತ್ರ ಗೊತ್ತಾಯಿತು. ಅವರು ಚಪ್ಪಲಿ ಬಿಡುತ್ತ "ನಾನೂ ಅದನ್ನೇ ಹೇಳೋನಿದ್ದೆ" ಎಂದರು.

ಅಜ್ಜಿಯಿಂದ ಬಂದ ಕಣ್ಣಿನ ವಿದ್ಯೆ, ಅಂದು ಸಾರ್ ಅವರಿಂದ ಕಲಿತ ತಪ್ಪು ಮಾಡಿ ನಗಿಸಿಕೊಳ್ಳುವ ವಿದ್ಯೆ, ಇವೆರಡರಿಂದಲೇ ನಾನು ಇಷ್ಟು ಕಾಲ ಅನ್ನ ತಿಂದಿದ್ದೇನೆ. ಹೊಸೂರಿನಲ್ಲಿ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನನ್ನ ಕೆಲಸ. ಸಣ್ಣ ಸಣ್ಣ ಬಿಡಿಭಾಗಗಳನ್ನು ಬೆಳಕಿಗೆ ಹಿಡಿದು, ಕೂದಲೆಳೆಯ ಬಿರುಕು ಇದ್ದದ್ದನ್ನು ಬೇರೆ ಮಾಡುವುದು. ಹೊಸದಾಗಿ ಸೇರುವ ಹುಡುಗಿಯರು ಎಲ್ಲೆಲ್ಲಿಂದಲೋ ಬರುತ್ತಾರೆ. ಮೊದಲ ದಿನ ಅವರು ಬಾಯಿ ಬಿಡುವುದಿಲ್ಲ. ನಾನು ಅವರ ಭಾಷೆಯಲ್ಲಿ ಒಂದು ಮಾತು ತಪ್ಪುತಪ್ಪಾಗಿ ಆಡಿ ನಗಿಸಿಕೊಳ್ಳುತ್ತೇನೆ. ಸುಣ್ಣಕಟ್ಟು ರೋಗಕ್ಕೆ ಬೂಷ್ಟು ಕಾರಣ, ತಣ್ಣಗೆ ತೇವವಾಗಿದ್ದರೆ ಅದು ಹರಡುತ್ತದೆ ಎಂದು ಹತ್ತನೇ ತರಗತಿಯಲ್ಲಿದ್ದಾಗ ಲೈಬ್ರರಿಯ ಪುಸ್ತಕದಲ್ಲಿ ಓದಿ ಅಜ್ಜಿಗೆ ಹೇಳಿದೆ. ಅವಳು ಕೆನ್ನೆ ಮುಟ್ಟಿಕೊಂಡು, "ಆವತ್ತು ಚಳಿ ಇತ್ತು, ನಂಗ್ ಗೊತ್ತಾಗಿತ್ತು ಕಣೇ, ಕೆಂಡ ಇಡಾಕೆ ಸೋಂಬೇರಿತನ ಮಾಡ್ದೆ" ಎಂದು ಮೆಲ್ಲಗೆ ಹೇಳಿದಳು.

ಆದರೆ ನನಗೆ ಹೆಚ್ಚು ನೆನಪಾಗುವುದು ಆ ಸೋಮವಾರ. ಅಜ್ಜಿ ತಾನೂ ಶಾಲೆಗೆ ಬರುತ್ತೇನೆಂದು ಹಟ ಹಿಡಿದಳು. ಹಸಿರು ಸೀರೆ ಉಟ್ಟು, ಒಂದು ಸಣ್ಣ ಮೊರದಲ್ಲಿ ಸೊಪ್ಪು ಹಾಸಿ, ಇನ್ನೂ ಹಣ್ಣಾಗದೆ ಹಿಂದುಳಿದಿದ್ದ ನಾಲ್ಕೈದು ಹುಳ ಬಿಟ್ಟುಕೊಂಡು, ಮೂರು ಮೈಲಿಯೂ ನನ್ನ ಮುಂದೆ ಮುಂದೆ ನಡೆದಳು. ಸಾರ್ ಅವಳನ್ನು ತರಗತಿಯೊಳಗೆ ಕರೆದು, ಮೊರವನ್ನು ಮೇಜಿನ ಮೇಲಿಟ್ಟು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದರು. ಅಂದು ನಕ್ಕಿದ್ದ ಅಷ್ಟೂ ಮುಖಗಳು ನನ್ನ ಎದುರಿಗಿದ್ದವು.

ಅಜ್ಜಿ ಮುಖ ಗಂಭೀರ ಮಾಡಿಕೊಂಡು, "ನಂಗೆ ತಮಿಳು ಬರಾಕಿಲ್ಲ" ಎಂದಳು.

ಸಾರ್ ಅಷ್ಟೇ ಗಂಭೀರವಾಗಿ ತಮಿಳಿನಲ್ಲಿ, "ನನಗೆ ಕನ್ನಡ ಬರುವುದಿಲ್ಲ. ಮಂಜುಳ ಹೇಳುತ್ತಾಳೆ, ಕೇಳಿ" ಎಂದು ಹಿಂದಿನ ಬೆಂಚಿಗೆ ಹೋಗಿ ಕೂತರು.

ಅಜ್ಜಿ ಹೇಳುತ್ತಾ ಹೋದಳು, ನಾನು ತಮಿಳಿನಲ್ಲಿ ಹೇಳುತ್ತಾ ಹೋದೆ. ಹುಳ ಏನು ತಿನ್ನುತ್ತದೆ, ಯಾವಾಗ ನಿಲ್ಲಿಸುತ್ತದೆ, ಬೆಳಕಿಗೆ ಹಿಡಿದರೆ ಹೇಗೆ ಕಾಣುತ್ತದೆ. ಮೊದಲು ಒಬ್ಬಿಬ್ಬರು ನಕ್ಕರು. ಹುಳವನ್ನು ಅವರ ಅಂಗೈ ಮೇಲೆ ಬಿಟ್ಟ ಮೇಲೆ ಯಾರೂ ನಗಲಿಲ್ಲ, ಎಲ್ಲರೂ ಬೆಂಚು ಬಿಟ್ಟು ಮೇಜಿನ ಸುತ್ತ ನೆರೆದರು. ಎಲ್ಲ ಮುಗಿದು ಮೊರ ಎತ್ತಿಕೊಳ್ಳುವಾಗ ಅಜ್ಜಿ ಹಿಂದಿನ ಬೆಂಚಿನ ಕಡೆ ನೋಡಿ ಇನ್ನೊಂದು ಮಾತು ಹೇಳಿದಳು.

"ಹುಳದ ವಿಚಾರ್ದಾಗೆ ಇವ್ಳಿಗೆ ನಾನ್ ಕಲ್ಸೋದು ಇನ್ನೇನೂ ಉಳೀಲಿಲ್ಲ. ನನ್ ಬಲ್ಗೈ ತಂದು ನಿಮ್ತಾವ ಬುಟ್ಟೋಯ್ತಿವ್ನಿ ಮೇಷ್ಟ್ರೇ. ಜ್ವಾಪಾನ."

ಇಡೀ ತರಗತಿ ನನ್ನ ಬಾಯಿ ನೋಡುತ್ತಿತ್ತು. ಆ ಮಾತು ಸಾರಿಗೆ ಆಗಲೇ ಅರ್ಥವಾಗಿತ್ತು, ಅವರ ಕಣ್ಣಲ್ಲಿ ನೀರಿತ್ತು. ತಮಿಳಿನಲ್ಲಿ ಹೇಳಬೇಕೆಂದರೆ ಅಜ್ಜಿಯೇ ನನಗಿಂತ ಚೆನ್ನಾಗಿ ಹೇಳಬಲ್ಲವಳಾಗಿದ್ದಳು. ಆದರೂ ಇಬ್ಬರೂ ತುಟಿ ಬಿಚ್ಚಲಿಲ್ಲ. ಏನೂ ತಿಳಿಯದವರ ಹಾಗೆ ನನ್ನನ್ನೇ ನೋಡುತ್ತಾ ಕಾದರು. ನಾನು ಮೂಗು ಒರೆಸಿಕೊಂಡು, ಒಂದು ಮಾತನ್ನೂ ಬದಲಿಸದೆ, ಅದನ್ನು ತಮಿಳಿನಲ್ಲಿ ಹೇಳಿದೆ.